ಸವತಿಯ ಜೊತೆ ನೋಡಿದ ಟೀವಿ

ಧಾರಾವಾಹಿಯ ಹೆಂಗಸರು ಸರ, ಬಳೆ, ಜರಿ ಸೀರೆ ಸಮೇತ ಮಲಗುತ್ತಾರೆ, ಹಾಗೇ ಏಳುತ್ತಾರೆ. ತುಟಿಯ ಬಣ್ಣವೂ ಅಳಿಸಿರುವುದಿಲ್ಲ. ಅಡುಗೆಮನೆಗೆ ಬಂದರೆ ಒಲೆ ಹಚ್ಚುವುದಿಲ್ಲ, ಕಾಫಿ ಲೋಟ ಜೋಡಿಸಿಕೊಂಡು ಬಾಗಿಲ ಸಂದಿಯಲ್ಲಿ ಕದ್ದು ಕೇಳುವುದಕ್ಕೆ ನಿಲ್ಲುತ್ತಾರೆ. ಆ ಮನೆಗಳಲ್ಲಿ ಅನ್ನ ಯಾರು ಬೇಯಿಸುತ್ತಾರೆ, ಪಾತ್ರೆ ಯಾರು ಉಜ್ಜುತ್ತಾರೆ ಅನ್ನುವುದು ವರ್ಷಗಟ್ಟಲೆ ನೋಡಿದರೂ ನನಗೆ ತಿಳಿಯಲಿಲ್ಲ. ಆದರೂ ನೋಡುತ್ತಿದ್ದೆ. ನಾನೊಬ್ಬಳೇ ಅಲ್ಲ, ನನ್ನ ಸವತಿಯೂ ನೋಡುತ್ತಿದ್ದಳು.

ನಾನು ಉಮ್ಮತ್ತೂರಿನವಳು. ಮದುವೆಯಾಗಿ ಗುಂಡ್ಲುಪೇಟೆಗೆ ಬಂದೆ. ಗಂಡ ಲಾರಿ ಓಡಿಸುತ್ತಿದ್ದ, ಕೇರಳಕ್ಕೆ ತರಕಾರಿ ಹೊಡೆಯುತ್ತಿದ್ದ. ನನಗೆ ಮಕ್ಕಳಾಗಲಿಲ್ಲ ಅಂತ ಕುದೇರಿನಿಂದ ಇನ್ನೊಬ್ಬಳನ್ನು ಕಟ್ಟಿಕೊಂಡು ಬಂದ. ಅವಳಿಗೂ ಆಗಲಿಲ್ಲ. ಕೊರತೆ ಯಾರಲ್ಲಿತ್ತು ಅನ್ನುವುದು ಬೀದಿಗೆಲ್ಲ ಗೊತ್ತಾಯಿತು, ಅವನ ಮುಂದೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದೆವು. ಅವನು ಬದುಕಿರುವ ತನಕ ನಾನೂ ಅವಳೂ ಎದುರಾಬದುರಾ ನಿಂತು ಮಾತಾಡಲಿಲ್ಲ. ಜಗಳವನ್ನೂ ಆಡಲಿಲ್ಲ. ನಲ್ಲಿಯಲ್ಲಿ ನೀರು ಬಂದರೆ, ಬಂತು ಅಂತ ಅವಳಿಗೆ ಹೇಳು ಎಂದು ಅವನಿಗೆ ಹೇಳುತ್ತಿದ್ದೆ. ಅವಳೂ ಹಾಗೇ ಮಾಡುತ್ತಿದ್ದಳು. ಅವನು ಲಾರಿ ಮೇಲೆ ಹೋದ ದಿನ ನೀರು ಬಂದದ್ದು ಯಾರ ಕಿವಿಗೆ ಬಿತ್ತೋ ಅವರೇ ಹಿಡಿದುಕೊಳ್ಳಬೇಕು.

ಎರಡು ಸಾವಿರ ಇಸವಿ ಕಳೆದ ಮೇಲೆ ಅವನು ಸತ್ತ. ಮನೆ ಉಳಿಯಿತು, ಕ್ರಿಕೆಟ್ ನೋಡುವುದಕ್ಕೆ ಅಂತ ಅವನು ತಂದಿದ್ದ ಬಣ್ಣದ ಟೀವಿ ಉಳಿಯಿತು, ನಾವಿಬ್ಬರು ಉಳಿದೆವು. ನೀರು ಬಂತು ಅಂತ ಹೇಳಿಕಳಿಸುವ ಬಾಯಿ ಹೋಯಿತು. ಹೂವಿನ ಅಂಗಡಿಯವರು ಬಿಡಿ ಹೂ ತಂದು ಹಾಕುತ್ತಿದ್ದರು, ಕಟ್ಟಿಕೊಟ್ಟರೆ ಮಾರಿನ ಲೆಕ್ಕದಲ್ಲಿ ಕೂಲಿ. ನಡುಮನೆಯಲ್ಲಿ ನಾನು ಈ ಗೋಡೆಗೆ ಒರಗಿ, ಅವಳು ಆ ಗೋಡೆಗೆ ಒರಗಿ ಹೂ ಕಟ್ಟುತ್ತಿದ್ದೆವು. ಮನೆ ಬಿಕೋ ಅನ್ನುತ್ತದೆ ಅಂತ ಟೀವಿ ಹಾಕಿದೆವು. ಮೊದಲು ಹಾಕಿದವಳು ನಾನೋ ಅವಳೋ ಮರೆತಿದೆ.

ಒಂದು ಸಂಜೆ ಧಾರಾವಾಹಿಯಲ್ಲಿ ಎರಡನೇ ಹೆಂಡತಿ ಮೊದಲನೆಯವಳ ಹಾಲಿಗೆ ಏನೋ ಬೆರೆಸಿದಳು. ಧಾರಾವಾಹಿಯಲ್ಲಿ ಎರಡನೇ ಹೆಂಡತಿ ಅಂದರೆ ಅದೇ ಕಸುಬು. ನಮ್ಮ ಮನೆಯ ಚಿಕ್ಕವಳು ತಲೆಯೆತ್ತಿ ಟೀವಿಗೆ ಹೇಳಿದಳು.

"ಇಂಗೆಲ್ಲ ಯಾರೂ ಮಾಡಾಕಿಲ್ಲ ಕಣವ್ವ."

ನಾನೂ ಟೀವಿಗೇ ಹೇಳಿದೆ. "ಮಾಡೋರು ಊರ್ಗೆಲ್ಲ ಯೇಳ್ಬುಟ್ಟು ಮಾಡಾರಾ?"

ಅವಳ ಕೈ ನಿಂತಿತು. ಹಾಲು ಕುಡಿಯುವವಳಿಗೆ ಮೂಗಿಲ್ಲವಾ, ವಾಸನೆ ಗೊತ್ತಾಗುವುದಿಲ್ಲವಾ ಅಂತ ಮತ್ತೆ ಟೀವಿಯನ್ನು ಕೇಳಿದಳು. ಅದು ನನಗೂ ಸರಿ ಅನ್ನಿಸಿತು. ನಮ್ಮ ಮಾತು ಶುರುವಾದದ್ದು ಹೀಗೆ. ಆಮೇಲೆ ನಾವು ಏನು ಆಡಿಕೊಂಡರೂ ಟೀವಿ ಕಡೆ ಮುಖ ಮಾಡಿಯೇ ಆಡಿಕೊಂಡೆವು. ಸಾರಿಗೆ ಉಪ್ಪು ಕಮ್ಮಿ ಅನ್ನುವುದನ್ನೂ ಟೀವಿಗೆ ಹೇಳುತ್ತಿದ್ದೆವು. ಒಲೆ ಒಂದಾಯಿತು. ಅವಳು ನನ್ನನ್ನು ಅಕ್ಕ ಅಂದದ್ದೂ ಆಗಲೇ, ನನ್ನ ಕಡೆ ತಿರುಗದೆ.

ಕ್ರಿಕೆಟ್ ನನಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಅವನು ಕೂರಿಸಿಕೊಂಡು ಹೇಳಿಕೊಟ್ಟಿದ್ದನಂತೆ. ನನಗೆ ಅವನು ಲಾರಿಯ ಟಯರಿನ ಹೆಸರನ್ನೂ ಹೇಳಿಕೊಟ್ಟವನಲ್ಲ. ಮೊದಮೊದಲು ಮ್ಯಾಚು ಹಾಕಿದರೆ ಎದ್ದು ಹೋಗುತ್ತಿದ್ದೆ. ಆಮೇಲೆ ಕೂತೆ. ಅದು ವೈಡು ಅಂದಳು, ಅಂಪೈರು ಕೈ ಚಾಚಿದ್ದು ನನಗೂ ಕಾಣುತ್ತದೆ ಬಿಡು ಅಂದೆ. ಒಂದು ವರ್ಷದಲ್ಲಿ ನನಗೂ ಎಲ್ಲ ಬಂತು, ಎಲ್‌ಬಿಡಬ್ಲ್ಯು ಒಂದನ್ನು ಬಿಟ್ಟು. ಕಾಲಿಗೆ ಏಟು ತಿಂದವನನ್ನೇ ಆಚೆಗೆ ಕಳಿಸುವುದು ಯಾವ ನ್ಯಾಯ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ನನ್ನ ಪ್ರಕಾರ ಆಟ ಆಡುವವನು ಬೌಲರು. ಬಿಸಿಲಿನಲ್ಲಿ ಓಡಿ ಓಡಿ ಹಾಕುತ್ತಾನೆ, ಹೊಲದಾಳಿನ ಹಾಗೆ ಬೆವರು ಒರೆಸಿಕೊಳ್ಳುತ್ತಾನೆ. ಜೈಕಾರವೆಲ್ಲ ಬ್ಯಾಟು ಹಿಡಿದವನಿಗೆ. ಅವಳು ಬ್ಯಾಟಿನವರ ಕಡೆ. ಒಬ್ಬ ಎಡಗೈ ಆಟಗಾರ ಬಂದನೆಂದರೆ ಹೂವು ಮಡಿಲಲ್ಲೇ ಬಾಡುತ್ತಿತ್ತು. ಅವನು ಮೊದಲನೇ ಬಾಲಿಗೇ ಔಟಾದ ದಿನ ಅವಳು ಊಟ ಬೇಡ ಅಂದಳು. ಅವನೇನು ನಿನ್ನ ತಮ್ಮನಾ, ಅವನು ಅಲ್ಲಿ ಕೋಳಿ ತಿಂತಾ ಇರುತ್ತಾನೆ, ನೀನು ಮುದ್ದೆ ಉಣ್ಣು ಅಂತ ಬೈದು ಉಣ್ಣಿಸಿದೆ. ಆಟದವರು ಆಡಿದ್ದಕ್ಕಿಂತ ಬಾಟಲಿ ಎತ್ತಿ ಕುಡಿದದ್ದೇ ಜಾಸ್ತಿ. ಓವರಿಗೊಂದು ಜಾಹೀರಾತು. ಆಮೇಲೆ ಇಪ್ಪತ್ತು ಓವರಿನ ಆಟ ಬಂತು. ನನಗೆ ಸೇರಲಿಲ್ಲ. ಎಸರು ಕುದಿಯುವ ಮೊದಲೇ ಹಿಟ್ಟು ಸುರಿದು ಮುದ್ದೆ ಕಟ್ಟಿದ ಹಾಗೆ. ಐದು ದಿನದ ಆಟವೇ ವಾಸಿ, ಮಧ್ಯೆ ಎದ್ದು ಬಟ್ಟೆ ಒಗೆದು ಬಂದರೂ ಅದೇ ಇಬ್ಬರು ನಿಂತಿರುತ್ತಾರೆ.

ಭಾನುವಾರ ಸಿನಿಮಾ. ಮೊಮ್ಮಕ್ಕಳನ್ನು ಕಂಡಿರಬೇಕಾದ ಹೀರೋ ಎರಡು ಪುಸ್ತಕ ಹಿಡಿದುಕೊಂಡು ಕಾಲೇಜಿಗೆ ಹೋಗುತ್ತಾನೆ. ಹಾಡು ಬಂದರೆ ನಮ್ಮ ಕಡೆಯ ಚೆಂಡುಹೂವಿನ ಹೊಲದಲ್ಲಿ ಕುಣಿಯುತ್ತಾರೆ. ಹೂ ಕಟ್ಟುವ ನಮಗೆ ಅವರ ಮುಖ ಕಾಣುತ್ತಿರಲಿಲ್ಲ, ಕಾಲು ಕಾಣುತ್ತಿತ್ತು. ಗಿಡ ಎಷ್ಟು ಮುರಿದವು ಅಂತಲೇ ನೋಡುತ್ತಿದ್ದೆವು. ಕೇಬಲ್ಲಿನಲ್ಲಿ ಮಲಯಾಳದ ಧಾರಾವಾಹಿಗಳೂ ಬರುತ್ತಿದ್ದವು. ಭಾಷೆ ಬಾರದಿದ್ದರೂ ನೋಡುತ್ತಿದ್ದೆವು, ಅತ್ತೆ ಯಾರು ಸೊಸೆ ಯಾರು ಅಂತ ಇಬ್ಬರೂ ಒಂದೊಂದು ಹೇಳಿ ಜಗಳ ಆಡುತ್ತಿದ್ದೆವು. ಯಾರ ಮಾತು ನಿಜ ಅಂತ ಹೇಳುವವರು ಇಲ್ಲವಾದ್ದರಿಂದ ಆ ಜಗಳ ಮುಗಿಯುತ್ತಿರಲಿಲ್ಲ.

ಹೀಗೆ ಐದಾರು ವರ್ಷ ನಡೆಯಿತು. ಆಗ ಕುದೇರಿನಿಂದ ಅವಳ ಅಣ್ಣನ ಮಗಳು ಬಂದಳು. ಆ ಹುಡುಗಿ ಬದನಗುಪ್ಪೆ ಕಡೆ ಕೆಲಸಕ್ಕೆ ಹೋಗುತ್ತಿದ್ದಳು, ಗಂಡನ ಜೊತೆ ತವರಿನಲ್ಲೇ ಇದ್ದಳು. ತಾಯಿ ಇಲ್ಲ. ಹೆರಿಗೆಯಾಗಿ ಮೂರು ತಿಂಗಳಾಗಿತ್ತು. ಅವಳು ಬಂದದ್ದು ಸಂಜೆ, ಕರೆಂಟು ತೆಗೆದಿದ್ದರು. ಬೇಸಿಗೆಯಲ್ಲಿ ಧಾರಾವಾಹಿ ಹೊತ್ತಿಗೇ ತೆಗೆಯುತ್ತಿದ್ದರು. ಬುಡ್ಡಿ ಹಚ್ಚಿಟ್ಟು ಮೂವರೂ ಕೂತೆವು. ಟೀವಿ ಕಪ್ಪಗೆ ಕೂತಿತ್ತು.

ಹುಡುಗಿ ಸುತ್ತಿ ಬಳಸಲಿಲ್ಲ. "ದೊಡ್ಡತ್ತೆ, ಅತ್ತೇನ ಕರ್ಕಂಡೋಗನ ಅಂತ ಬಂದೀನಿ. ನಾ ಕೆಲ್ಸಕ್ಕೋದ್ರ ಮಗೀನ ನೋಡ್ಕಳಕ ಯಾರೂ ಇಲ್ಲ. ನೀವೇನಂತೀರಿ?"

ಬೇಡ ಅನ್ನಬೇಕು ಅಂತ ನನ್ನ ಹೊಟ್ಟೆಯಲ್ಲಿತ್ತು. ಇವಳು ಹೋದರೆ ನಾನೊಬ್ಬಳೇ ಈ ಗೋಡೆ ನೋಡುತ್ತಾ ಕೂರಬೇಕು ಅಂತಲೂ ಇತ್ತು. ಅದನ್ನು ಯಾವ ಕಡೆ ಮುಖ ಮಾಡಿ ಹೇಳುವುದು? ಅವಳ ಮುಖ ನೋಡಿ ಮಾತಾಡಿ ನನಗೆ ಅಭ್ಯಾಸವಿಲ್ಲ. ಅವಳು ಬುಡ್ಡಿಯ ಬತ್ತಿಯನ್ನು ನೋಡುತ್ತಿದ್ದಳು. ಅವಳೂ ಏನಾದರೂ ಹೇಳುತ್ತಾಳೆ ಅಂತ ಕಾದೆ. ನಾನು ಹೇಳಲಿ ಅಂತ ಅವಳು ಕಾದಳು.

"ಅವಳಿಷ್ಟ" ಅಂದೆ.

"ಅಕ್ಕ ಯೇಳ್ದಂಗೆ" ಅಂದಳು ಅವಳು.

ಹುಡುಗಿ ಇಬ್ಬರೂ ಒಪ್ಪಿದರು ಅಂದುಕೊಂಡಳು. ಅವಳ ತಪ್ಪೇನಿಲ್ಲ, ಅಷ್ಟು ಕೇಳಿದರೆ ಯಾರಾದರೂ ಹಾಗೇ ತಿಳಿಯುತ್ತಾರೆ. ಸ್ವಲ್ಪ ಹೊತ್ತಿಗೆ ಕರೆಂಟು ಬಂತು, ಟೀವಿ ತಾನಾಗಿ ಹತ್ತಿಕೊಂಡಿತು, ಧಾರಾವಾಹಿ ಅರ್ಧಕ್ಕೆ ಬಂದಿತ್ತು. ಈಗಲಾದರೂ ಹೇಳಬಹುದಿತ್ತು. ಮಾತು ಆಗಲೇ ಆಗಿಹೋಗಿತ್ತು. ಕೊಟ್ಟ ಮಾತನ್ನು ಹುಡುಗಿಯ ಎದುರಿಗೆ ತಿರುಗಿಸುವುದು ಅವಳಿಗೂ ಆಗಲಿಲ್ಲ, ನನಗೂ ಆಗಲಿಲ್ಲ. ಅವತ್ತಿನ ಧಾರಾವಾಹಿಯನ್ನು ಇಬ್ಬರೂ ತುಟಿ ಬಿಚ್ಚದೆ ನೋಡಿದೆವು. ಬೆಳಿಗ್ಗೆ ಎರಡು ಚೀಲ ಹಿಡಿದುಕೊಂಡು ಅವಳು ಬಸ್ಸು ಹತ್ತಿದಳು.

ಆಮೇಲೆ ರಿಮೋಟು ನನ್ನದೇ. ಬೇಕಾದ್ದು ಹಾಕಬಹುದು, ಬೇಡದ್ದು ತೆಗೆಯಬಹುದು. ಹಾಕಿದೆ. ಆ ಹೆಂಗಸರು ಜರಿ ಸೀರೆ ಉಟ್ಟು ಮಲಗಿದರು, ಎದ್ದರು. ನೋಡು ಇವರ ಅವತಾರವ ಅಂದೆ. ಆ ಗೋಡೆ ಕಡೆಯಿಂದ ಏನೂ ಬರಲಿಲ್ಲ. ಬೈಯುವುದಕ್ಕೂ ಇನ್ನೊಬ್ಬರು ಬೇಕು ಅಂತ ಆಗ ತಿಳಿಯಿತು. ನಾನು ಪರ ವಹಿಸುತ್ತಿದ್ದ ಬೌಲರೊಬ್ಬ ಒಂದು ದಿನ ಐದು ವಿಕೆಟ್ ತೆಗೆದ. ನಾನು ಗೆದ್ದೆ ಅಂತ ಯಾರಿಗೆ ಹೇಳುವುದು? ಪಕ್ಕದ ಮನೆಯವಳನ್ನು ಕರೆದು ಕೂರಿಸಿಕೊಂಡೆ. ಅವಳು ಧಾರಾವಾಹಿಯವರು ಅತ್ತರೆ ತಾನೂ ಅಳುತ್ತಿದ್ದಳು, ಒಂದು ತಪ್ಪನ್ನೂ ಹುಡುಕುತ್ತಿರಲಿಲ್ಲ. ಅವಳ ಜೊತೆ ನೋಡುವುದಕ್ಕಿಂತ ಒಬ್ಬಳೇ ವಾಸಿ ಅಂತ ಕರೆಯುವುದನ್ನು ಬಿಟ್ಟೆ. ಹೂವೂ ಕಮ್ಮಿ ಮಾಡಿದೆ. ಕೆಲವು ಸಂಜೆ ಟೀವಿ ಹಾಕುತ್ತಲೇ ಇರಲಿಲ್ಲ, ಬೇಗ ಉಂಡು ಮಲಗುತ್ತಿದ್ದೆ.

ಏಳು ತಿಂಗಳಾದ ಮೇಲೆ ತಡೆಯಲಾಗಲಿಲ್ಲ. ಚಾಮರಾಜನಗರಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಾಯಿಸಿ ಕುದೇರಿಗೆ ಹೋದೆ. ಮಗುವಿಗೆ ಒಂದು ಟೋಪಿ, ಅವಳಿಗೆ ಎರಡು ಮಾರು ಮಲ್ಲಿಗೆ ತೆಗೆದುಕೊಂಡಿದ್ದೆ. ವಿಧವೆಗೆ ಮಲ್ಲಿಗೆ ಯಾಕೆ ಅಂದರೆ, ನಾವು ದಿನವೂ ಕಟ್ಟಿ ಕೊಟ್ಟದ್ದೇ ಆಯಿತು, ಮೂಗಿನ ಹತ್ತಿರ ಇಟ್ಟುಕೊಂಡರೆ ಯಾರಿಗೇನು ನಷ್ಟ.

ಅವಳು ಜಗುಲಿಯ ಮೇಲೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಸೊರಗಿದ್ದಳು. ಒಳಗೆ ಟೀವಿ ಇತ್ತು, ಅದರ ಮುಂದೆ ಆ ಬೀದಿಯ ಮಕ್ಕಳೆಲ್ಲ ಬೊಂಬೆ ಚಿತ್ರ ನೋಡುತ್ತಾ ಕೂತಿದ್ದವು. ಇಡೀ ದಿನ ಅದೇ ಅಂತೆ, ಮ್ಯಾಚು ನೋಡಿಯೇ ಇಲ್ಲವಂತೆ. ಎಡಗೈಯವನು ಈಗ ಹೇಗೆ ಆಡುತ್ತಾನೆ ಅಂತ ಕೇಳಿದಳು. ಅವನನ್ನು ಟೀಮಿನಿಂದ ತೆಗೆದಿದ್ದರು. ಆಡುತ್ತಾನೆ, ಚೆನ್ನಾಗಿ ಆಡುತ್ತಾನೆ ಅಂದೆ.

ನಮ್ಮ ಮುಂದೆ ಟೀವಿ ಇರಲಿಲ್ಲ, ಬೀದಿ ಇತ್ತು. ಬೀದಿ ನೋಡಿಕೊಂಡೇ ಕೇಳಿದೆ. "ಬತ್ತೀಯೇನಮ್ಮಿ?"

"ಅವತ್ತೇ ಬ್ಯಾಡ ಅನ್ಬೈದಾಗಿತ್ತಲ್ಲಕ್ಕ ನೀನು."

"ನೀನೂ ಅನ್ಬೈದಾಗಿತ್ತು. ಬಾಯಿರ್ನಿಲ್ವಾ?"

ಅವಳು ಮಗುವಿನ ಮೂಗು ಒರೆಸಿದಳು. "ಇದು ನಡೆಯೋಗಂಟ ಇರ್ತೀನಿ ಅಂದ್ಬುಟ್ಟೀನಿ ಕಣಕ್ಕ. ನಡ್ಯಾಕ್ ಸುರು ಮಾಡುದ್ರ ಬಂದ್ಬುಡ್ತೀನಿ."

ನಾನು ಆ ಮಗುವನ್ನು ನೋಡಿದೆ. ದುಂಡಗೆ ಬೆಣ್ಣೆ ಮುದ್ದೆಯ ಹಾಗೆ ಇತ್ತು, ಕಾಲು ನೆಲಕ್ಕೆ ತಾಗಿಸಿದ ಗುರುತಿರಲಿಲ್ಲ.

"ಸೊಂಟ್ದಲ್ಲೇ ಇಕ್ಕಂಡಿದ್ರ ಎಂಗ್ ನಡದದು? ಕೆಳೀಕ್ ಬುಡು."

ಕೆಳಗೆ ಬಿಟ್ಟಳು. ಅದು ಕೂತಿತು. ನಾವಿಬ್ಬರೂ ಗೋಡೆಗೆ ಒರಗಿ ಅದನ್ನೇ ನೋಡಿದೆವು. ಅಂಬೆಗಾಲಿನಲ್ಲಿ ಕಂಬದ ತನಕ ಹೋಯಿತು, ಕಂಬ ಹಿಡಿಯಿತು. ಹಿಡಿತ ಸರಿಯಿಲ್ಲ ಅಂದೆ. ಸುಮ್ಮನಿರಕ್ಕ, ಎದ್ದೇಳುತ್ತದೆ ಅಂದಳು. ಒಂದು ಕಾಲು ಊರಿತು. ಇನ್ನೊಂದನ್ನೂ ಊರಿತು. ಅವಳು ನನ್ನ ಮೊಳಕೈ ಹಿಡಿದುಕೊಂಡಳು. ಮಗು ಕಂಬ ತಬ್ಬಿಕೊಂಡು ನಿಂತು ನಮ್ಮಿಬ್ಬರನ್ನೂ ನೋಡಿತು, ಆಮೇಲೆ ಧಡ್ ಅಂತ ಕೂತುಬಿಟ್ಟಿತು. ಇದು ನಿನ್ನ ಎಡಗೈಯವನಿಗಿಂತ ಸೋಮಾರಿ ಅಂದೆ. ಅವಳು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ನಾಲ್ಕು ಸಲ ನಿಂತಿತು, ಒಂದು ಹೆಜ್ಜೆಯನ್ನೂ ಇಡಲಿಲ್ಲ. ಅಷ್ಟರಲ್ಲಿ ನನ್ನ ಬಸ್ಸಿಗೆ ಹೊತ್ತಾಯಿತು.

ಯುಗಾದಿ ಕಳೆದ ಮೇಲೆ ಪಕ್ಕದ ಮನೆಗೆ ಫೋನು ಮಾಡಿ ನನ್ನನ್ನು ಕರೆಸಿದಳು. ಮಗು ಬಾಗಿಲಿನಿಂದ ಹಿತ್ತಿಲ ತನಕ ಒಂದೇ ಉಸಿರಿಗೆ ನಡೆಯಿತಂತೆ. ಹುಡುಗಿ ಮತ್ತೆ ಬಸುರಿಯಂತೆ, ಮೂರು ತಿಂಗಳು. ಫೋನಿನಲ್ಲಿ ಅವಳ ಉಸಿರು ಕೇಳಿಸುತ್ತಿತ್ತು, ಹಿಂದೆ ಮಕ್ಕಳ ಟೀವಿಯ ಗಲಾಟೆ ಕೇಳಿಸುತ್ತಿತ್ತು. ಪಕ್ಕದ ಮನೆಯವಳು ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದಳು.

ಬಸುರಿಯನ್ನು ಬಿಟ್ಟು ಬರಬೇಡ, ಎರಡನೆಯದೂ ನಡೆಯಲಿ ಅಂದೆ.