ಹನ್ನೆರಡು ಹೆಸರಿನ ಪಟ್ಟಿ

ಓಕ್ಲಹೋಮಾದ ಆ ಸಣ್ಣ ಊರಲ್ಲಿ ಹಾರ್ನೆಟ್ಸ್ ಎಂಬ ಹುಡುಗಿಯರ ಸಾಫ್ಟ್‌ಬಾಲ್ ತಂಡವನ್ನು ಆಡಿಸುತ್ತಿದ್ದವನು ಕೋಚ್ ಡಾಯ್ಲ್ ಹಾರ್ಜೊ. ನಡೆಸುತ್ತಿದ್ದವಳು ರೋಂಡಾ ಸ್ಟಿಡಮ್. ಯಾವ ಶನಿವಾರ ಯಾವ ಊರಿನ ಟೂರ್ನಿ, ಯಾವ ಹೋಟೆಲಿನಲ್ಲಿ ಎಷ್ಟು ರೂಮು, ವಯಸ್ಸಿನ ದಾಖಲೆಗೆ ಯಾರ ಜನನಪತ್ರ ಇನ್ನೂ ಬಂದಿಲ್ಲ, ಎಲ್ಲವೂ ಅವಳ ತಲೆಯಲ್ಲೇ. ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸ ಮುಗಿಸಿ ನೇರ ಮೈದಾನಕ್ಕೆ ಬರುವಳು. ಮಗಳು ಟೆಸ್ಸಾ ಬ್ಯಾಟು ಹಿಡಿದು ಏಳು ವರ್ಷ. ಅಲ್ಲಿಂದೀಚೆ ಬೇಸಿಗೆಯ ಒಂದು ಶನಿವಾರವೂ ತಾಯಿಮಗಳು ಮನೆಯಲ್ಲಿದ್ದದ್ದಿಲ್ಲ.

ಆಗಸ್ಟ್ ಬಂತೆಂದರೆ ಮುಂದಿನ ವರ್ಷದ ತಂಡಕ್ಕೆ ಆಯ್ಕೆ. ಹಳಬರೂ ಹೊಸಬರ ಸಾಲಿನಲ್ಲೇ ನಿಲ್ಲಬೇಕು. ಆ ವರ್ಷ ಮೂವತ್ತೊಂದು ಹುಡುಗಿಯರು ಬೆನ್ನಿಗೆ ನಂಬರು ಅಂಟಿಸಿಕೊಂಡು ಎರಡು ದಿನ ಓಡಿದರು, ಎಸೆದರು, ಹೊಡೆದರು. ಇದ್ದದ್ದು ಹನ್ನೆರಡು ಜಾಗ. ಭಾನುವಾರ ಮಧ್ಯಾಹ್ನ ಡಾಯ್ಲ್ ಪಟ್ಟಿ ತಂದುಕೊಟ್ಟ. ಮನೆಮನೆಗೆ ಫೋನ್ ಮಾಡಿ ತಿಳಿಸುವುದು ರೋಂಡಾಳ ಕೆಲಸ.

ಅವಳು ಎರಡು ಸಲ ಓದಿದಳು.

“ಒಂದು ಹೆಸರು ಬಿಟ್ಟಿದೀಯ, ಡಾಯ್ಲ್.”

“ಬಿಟ್ಟಿಲ್ಲ.” ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. “ನನ್ ಬಾಯಿಂದ ಹೇಳಿಸ್ಬೇಡ ರೋಂಡಾ. ಟೆಸ್ಸಾನ್ನೇ ಕೇಳು.”

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ತೆಗೆದುಕೊಂಡವರು ತಮ್ಮ ಕೆನ್ನೆಯನ್ನೇ ಪರರದ್ದೆಂಬಂತೆ ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಹಾಗಾಗಿತ್ತು ಅವಳಿಗೆ. ಗಾಡಿಯಲ್ಲಿ ಕೂತು ಒಂದೊಂದೇ ನಂಬರು ಒತ್ತಿದಳು. ಆಯ್ಕೆಯಾಗದ ಹುಡುಗಿಯೊಬ್ಬಳ ತಾಯಿ ಸುಮ್ಮನಿರಲಿಲ್ಲ.

“ನಿಮ್ಗೇನ್ ಬಿಡಿ! ಬಡಿಸೋರು ನಮ್ಮೋರಾದ್ರೆ ಯಾವ ಪಂಕ್ತೀಲಿ ಕೂತ್ರೇನು? ನಿಮ್ ಮಗಳ ಜಾಗ ಭದ್ರ.”

“ಟೆಸ್ಸಾನೂ ಇಲ್ಲ,” ಅಂದಳು ರೋಂಡಾ.

ಫೋನ್ ಇಟ್ಟು ಮುಂದಿನ ನಂಬರು ಒತ್ತಿದಳು.

ಮನೆಗೆ ಬಂದಾಗ ಟೆಸ್ಸಾ ಜಗಲಿಯ ಮೆಟ್ಟಿಲ ಮೇಲೆ ಕಲ್ಲಂಗಡಿ ತಿನ್ನುತ್ತಿದ್ದಳು.

“ಪಟ್ಟಿ ಬಂತಾ, ಅಮ್ಮ?”

“ಬಂತು.”

“ನಾನೇ ಕೋಚ್‌ಗೆ ಹೇಳ್ದೆ, ನನ್ನ ತಗೋಬೇಡಿ ಅಂತ. ನಂಗೆ ಸಾಕಾಗಿತ್ತು.”

“ನಂಗ್ಯಾಕೆ ಹೇಳ್ಲಿಲ್ಲ?”

“ಎರಡು ಸಲ ಹೇಳ್ದೆ. ಒಂದ್ಸಲ ಕಾರಲ್ಲೇ ಹೇಳಿದ್ದು. ನೀನು ಹೋಟೆಲ್‌ನೋರ ಜೊತೆ ಫೋನಲ್ಲಿದ್ದೆ. ‘ಆಯ್ತು ಆಯ್ತು’ ಅಂದೆ.”

ರೋಂಡಾ ನೆನಪಿಸಿಕೊಳ್ಳಲು ನೋಡಿದಳು. ಹೋಟೆಲು ನೆನಪಾಯಿತು, ಎಷ್ಟು ರೂಮು ಕೇಳಿದ್ದೆನೆಂಬುದೂ ನೆನಪಾಯಿತು. ಮಗಳ ಮಾತು ಮಾತ್ರ ಎಲ್ಲೂ ಸಿಗಲಿಲ್ಲ. ಅಳು ಬರಲಿಲ್ಲ. ಒಳಗೆ ಹೋಗಿ ಅಡುಗೆಮನೆಯಲ್ಲಿ ಬಿದ್ದಿದ್ದ ಪಾತ್ರೆ ತೊಳೆದಳು.

ಮುಂದಿನ ಶನಿವಾರ ಮೊದಲ ಅಭ್ಯಾಸಕ್ಕೆ ಕಡತ ಹಿಡಿದು ಹೋದಳು. ಡಾಯ್ಲ್ ಕಣ್ಣರಳಿಸಿದ. “ನೀನ್ಯಾಕ್ ಬರೋಕ್ ಹೋದೆ?”

“ಈ ಹನ್ನೆರಡು ಜನನಪತ್ರ ನಿಮ್ಮಪ್ಪ ನೋಡ್ತಾನಾ?”

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. ಹಾಗೆಯೇ ಮೇ ತಿಂಗಳವರೆಗೂ ನಡೆಸಿದಳು. ಯಾರು ಗೆದ್ದರೂ ಸೋತರೂ ಅವಳಿಗೆ ಒಂದೇ ಆಗಿತ್ತು. ರೂಮು ಮಾತ್ರ ಒಂದೂ ತಪ್ಪಲಿಲ್ಲ. ಆಮೇಲೆ ತಂಡದಲ್ಲಿ ಕ್ಯಾಚರ್ ಆಗಿದ್ದ ಹುಡುಗಿಯ ತಾಯಿಗೆ ಕಡತ ಒಪ್ಪಿಸಿ ಬಂದಳು.

ಬಿಡುವಾದ ಮೊದಲ ಶನಿವಾರ ಐದಕ್ಕೇ ಎಚ್ಚರವಾಯಿತು. ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದಳು. ಹತ್ತಕ್ಕೆ ಟೆಸ್ಸಾ ಕಣ್ಣುಜ್ಜುತ್ತ ಬಂದಳು.

“ಹಸಿವು ಅಮ್ಮ.”

ರೋಂಡಾ ಬಾಣಲೆ ಇಟ್ಟು ಮೊಟ್ಟೆ ಕೈಗೆತ್ತಿಕೊಂಡವಳು ಹಾಗೇ ನಿಂತಳು.

“ನಿಂಗೆ ಹೇಗೆ ಬೇಕು?” ಎಂದು ಕೇಳಿದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.