ರಾಜ್ಯಶಾಸ್ತ್ರ ಮತ್ತು ಅವ್ವನ ಕುರ್ಚಿ

ಕೂಡ್ಲಿಗಿಯ ಆ ಸಣ್ಣ ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ತೆಗೆದುಕೊಂಡಿದ್ದವರು ನಾವು ಹನ್ನೊಂದು ಮಂದಿ. ಕೊಠಡಿ ಸಾಲದೆ ನಮ್ಮ ಪಾಠ ಗ್ರಂಥಾಲಯದಲ್ಲಿ ನಡೆಯುತ್ತಿತ್ತು. ಓದುವ ಮೇಜಿನ ಸುತ್ತ ನಾವು, ನಮ್ಮ ನಡುವೆಯೇ ಮೇಷ್ಟ್ರು. ಹಳ್ಳಿಯ ಬಸ್ಸು ತಡವಾಗಿ ಅರ್ಧ ಜನ ಆಮೇಲೆ ಬಂದರೆ ಅವರು ಬೈಯುತ್ತಿರಲಿಲ್ಲ, ಪಾಠವನ್ನು ಮೊದಲಿನಿಂದ ಹೇಳುತ್ತಿದ್ದರು. ಹೀಗಾಗಿ ರಾಜ್ಯಸಭೆಯ ಅಧಿಕಾರಗಳನ್ನು ಎರಡೆರಡು ಸಲ ಕೇಳಿದವಳು ನಾನು. ಈಗ ಹಗರಿಬೊಮ್ಮನಹಳ್ಳಿಯ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವಾಗಲೂ ಅವು ಅವರ ದನಿಯಲ್ಲೇ ನೆನಪಾಗುತ್ತವೆ.

ಮೇಷ್ಟ್ರು ಹರಪನಹಳ್ಳಿಯವರು. ಎರಡನೇ ವರ್ಷ ಪಂಚಾಯತ್ ರಾಜ್ ಪಾಠ ಬಂದಾಗ ಪುಸ್ತಕ ಮುಚ್ಚಿಟ್ಟು, "ನಿಮ್ಮೂರಾಗೆ ಗ್ರಾಮಸಭೆ ಆದಾಗ ಹೋಗಿ ಕೂತ್ಕಳ್ರಿ. ಕಂಡಿದ್ದನ್ನ ಬರ್ಕಂಡು ಬರ್ರಿ" ಅಂದರು.

ನನಗೆ ಅದು ಸುಲಭ ಅನ್ನಿಸಿತು. ನಮ್ಮವ್ವನೇ ಪಂಚಾಯಿತಿ ಸದಸ್ಯೆ, ಮೇಷ್ಟ್ರಿಗೂ ಅದು ಗೊತ್ತಿತ್ತು. ಕ್ಷೇತ್ರ ಮಹಿಳೆಯರಿಗೆ ಮೀಸಲಾದಾಗ ಅಪ್ಪ ಅವಳನ್ನು ನಿಲ್ಲಿಸಿ ಗೆಲ್ಲಿಸಿದ್ದ. ಗೆದ್ದ ಮರುದಿನವೇ ಅವಳು ಎಂದಿನಂತೆ ಕುರಿ ಹೊಡೆದುಕೊಂಡು ಹೋಗಿದ್ದಳು. ಹಾಜರಿ ಪುಸ್ತಕ ಮನೆಗೇ ಬರುತ್ತಿತ್ತು. ಅವ್ವ ಕೈ ತೊಳೆದು ಸೆರಗಿಗೆ ಒರೆಸಿಕೊಂಡು ರುಜು ಮಾಡುತ್ತಿದ್ದಳು.

ಗ್ರಾಮಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಅವ್ವನ ಕುರ್ಚಿಯಲ್ಲಿ ಅಪ್ಪ ಕೂತಿದ್ದ. ಎಲ್ಲರೂ ಅವನನ್ನೇ "ಮೆಂಬರ್ರೇ" ಅಂತ ಕರೆಯುತ್ತಿದ್ದರು. ಯಾರು ಏನು ಕೇಳಿದರು, ಅಧಿಕಾರಿ ಏನು ಹೇಳಿದರು ಎಂದು ಎರಡು ಪುಟ ಚೆಂದಾಗಿ ಬರೆದು ಒಪ್ಪಿಸಿದೆ. ಮೇಷ್ಟ್ರು ಓದಿ ತಲೆಯೆತ್ತಿದರು.

"ಎಲ್ಲಾ ಚೆನ್ನಾಗೈತಿ. ನಿಮ್ಮವ್ವ ಎಲ್ಲಿದ್ರಮ್ಮ ಆವತ್ತು?"

ನನ್ನ ಮುಖ ಬಿಸಿಯಾಯಿತು. ಅವರು ಮತ್ತೇನೂ ಕೇಳದೆ ಹಾಳೆ ವಾಪಸು ಕೊಟ್ಟರು.

ಭಾನುವಾರ ಅವ್ವನ ಜೊತೆ ಕುರಿ ಮೇಯಿಸಲು ಹೋದೆ.

"ಅವ್ವಾ, ಸಭಿಗೆ ನೀನ್ಯಾಕ ಹೋಗಂಗಿಲ್ಲ?"

"ನಿಮ್ಮಪ್ಪ ಹೊಕ್ಕಾನಲ್ಲ. ನನಗೇನು ತಿಳೀತೈತಿ ಅಲ್ಲಿ?"

"ಊರಿಗೆ ಏನು ಬೇಕಂತ ತಿಳಿದಿಲ್ಲೇನು?"

ಅವಳು ಹಿಂಡು ಬಿಟ್ಟ ಕುರಿಯೊಂದನ್ನು ಕೋಲಿನಿಂದ ತಿರುಗಿಸಿದಳು. "ಕುರಿ ನೀರು ಕುಡಿಯಾಕ ಒಂದು ತೊಟ್ಟಿ ಬೇಕು. ಕೆರಿ ಒಣಗಿದ್ರ ಎಷ್ಟು ದೂರ ಹೊಡ್ಕಂಡು ಹೋಗಬೇಕು! ನಿಮ್ಮಪ್ಪಗ ಹೇಳಿ ಹೇಳಿ ಸಾಕಾತು."

"ಅದನ್ನ ಅಲ್ಲೇ ಹೇಳಬೇಕವ್ವ."

ಅಲ್ಲಿಂದ ಆರು ತಿಂಗಳು, ಭಾನುವಾರಗಳಂದು ಜಾಲಿ ಮರದ ನೆರಳಲ್ಲಿ ನನ್ನ ಪಠ್ಯವನ್ನು ಅವಳಿಗೆ ಓದಿ ಹೇಳಿದೆ. ಅಷ್ಟು ನಿಶ್ಚಿಂತೆಯಿಂದ ನಾನು ಮತ್ತೆಂದೂ ಓದಲಿಲ್ಲ. ಸಭೆ ನಡೆಯಲು ಇಷ್ಟು ಜನ ಹಾಜರಿರಲೇಬೇಕು, ಅದಕ್ಕೆ ಕೋರಂ ಅನ್ನುತ್ತಾರೆ ಎಂದಾಗ ಅವಳು ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು. ಒಂದು ದಿನ ಕೇಳಿದಳು: "ನಾವು ಹೇಳಿದ್ದನ್ನ ಅವರು ಬರಕಳ್ಳಲಿಲ್ಲ ಅಂದ್ರ?"

ಈ ಪ್ರಶ್ನೆಯನ್ನು ತರಗತಿಗೆ ಒಯ್ದೆ. ಮೇಷ್ಟ್ರು ಮೇಜು ತಟ್ಟಿ, "ನಿಮ್ಮಲ್ಲಿ ಒಬ್ರೂ ಇದನ್ನ ಕೇಳ್ಲಿಲ್ಲ ನೋಡ್ರಿ! ಬರ್ದಿದ್ದನ್ನ ಓದ್ರಿ ಅಂತ ಕೇಳ್ಬೇಕು ಅಂತ ನಿಮ್ಮವ್ವಗ ಹೇಳಮ್ಮ" ಅಂದರು.

ಮುಂದಿನ ಗ್ರಾಮಸಭೆಗೆ ಅಪ್ಪ ರೂಢಿಯಂತೆ ಮೊದಲೇ ಹೋಗಿ ಕೂತಿದ್ದ. ಅವ್ವ ಒಗೆದ ಸೀರೆ ಉಟ್ಟು ಬಂದು ಕುರ್ಚಿಯ ಪಕ್ಕ ನಿಂತಳು.

"ಏಳ್ರಿ, ನಾ ಕುಂದರ್ತೀನಿ."

ಜನ ನಕ್ಕರು. ಅಪ್ಪನೂ ನಕ್ಕು ಎದ್ದ, ಆದರೆ ಕಿವಿ ಕೆಂಪಾಗಿದ್ದವು. ಅವ್ವ ತನ್ನ ಸರದಿ ಬಂದಾಗ ತೊಟ್ಟಿಯ ವಿಷಯ ಹೇಳಿದಳು. ಅಧಿಕಾರಿ ಆಗಲಿ ಎಂದು ತಲೆಯಾಡಿಸಿ ಮುಂದಿನವರತ್ತ ತಿರುಗಿದರು. ಅವ್ವ ಕೂರಲಿಲ್ಲ.

"ಬರಕಂಡಿದ್ದನ್ನ ಒಮ್ಮಿ ಓದ್ರಿ, ಸಾರ್."

ಅವರು ಬರೆದಿರಲಿಲ್ಲ. ಬರೆದರು, ಓದಿದರು. ಹಿಂದೆ ಹೆಂಗಸರ ಸಾಲಿನಲ್ಲಿ ಕೂತಿದ್ದ ನನಗೆ ಕಣ್ಣು ಮಂಜಾಯಿತು.

ಅಪ್ಪ ಅವ್ವನನ್ನು ಏನೂ ಅನ್ನಲಿಲ್ಲ. ನನ್ನ ಜೊತೆ ಮಾತ್ರ ಒಂದು ವಾರ ಮಾತು ಬಿಟ್ಟ. "ಕಾಲೇಜಿಗೆ ಕಳಿಸಿದ್ದೇ ತಪ್ಪಾತು" ಎಂದು ಹೊರಗಿನ ಕಟ್ಟೆಯಲ್ಲಿ ಯಾರಿಗೋ ಹೇಳುತ್ತಿದ್ದುದು ಕೇಳಿಸಿತ್ತು. ಅವ್ವ ಅವಧಿ ಮುಗಿಯುವವರೆಗೆ ಒಂದೂ ಸಭೆ ತಪ್ಪಿಸಲಿಲ್ಲ.

ತೊಟ್ಟಿ ಮೇಲೆದ್ದದ್ದು ನಾನು ಕೊನೆಯ ವರ್ಷದಲ್ಲಿದ್ದಾಗ. ಒಂದು ಸಂಜೆ ನಾನು ಬಸ್ಸಿಳಿದು ಬರುವಾಗ, ಅಪ್ಪ ಕೊಡದಲ್ಲಿ ನೀರು ತಂದು ಹೊಸ ಗಾರೆಯ ಮೇಲೆ ಸುರಿಯುತ್ತಿದ್ದ. ನನ್ನನ್ನು ಕಂಡು ಇನ್ನೊಂದು ಕೊಡ ತೋರಿಸಿದ.

"ಹಿಡಿ ಅದನ್ನ. ನಾಳೆ ನಿಮ್ಮವ್ವ ಬಂದು ನೋಡ್ತಾಳ, ಬಿರುಕು ಬಿಟ್ಟಿರಬಾರದು."