ಕುಲುಮೆಯ ಅಟ್ಟದಲ್ಲಿ ಸಿಕ್ಕ ಕಲ್ಲುಳಿಗಳು

ನನ್ನ ಮೊಮ್ಮಗಳು ಸೋಮವಾರಪೇಟೆಯಲ್ಲಿ ಸ್ವಂತ ವೆಲ್ಡಿಂಗ್ ಶಾಪ್ ಹಾಕಿದ್ದಾಳೆ! ಮೊನ್ನೆ ಪೂಜೆ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಅವಳು ಕಿಡಿ ಹಾರಿಸುವುದನ್ನು ನೋಡಿ ನನಗೆ ನಗುವೂ ಬಂತು, ಅಳುವೂ ಬಂತು. ಸಂತೆಗೆ ಹೋಗುವವರನ್ನೆಲ್ಲ ನಿಲ್ಲಿಸಿ ನಿಲ್ಲಿಸಿ ಹೇಳಿದೆ.

ಆ ಜಾಗ ಹಿಂದೆ ಕುಲುಮೆಯಾಗಿತ್ತು. ಪೂಜೆಯ ದಿನ ಬೆಳಿಗ್ಗೆ ಗುಡಿಸುವಾಗ ಅಟ್ಟದ ಮೇಲೆ ಗೋಣಿಯಲ್ಲಿ ಸುತ್ತಿಟ್ಟ ಐದು ಕಬ್ಬಿಣದ ಸಲಾಕೆ ಸಿಕ್ಕವು.

"ಏನಜ್ಜಿ ಇವು? ಕಾಫಿ ಗಿಡಕ್ಕೆ ಗುಂಡಿ ತೋಡೋವಾ?"

"ಇದ್ರಲ್ಲಿ ತೋಡಿದ್ರೆ ನಿನ್ನ ಮದುವೆ ಹೊತ್ಗೆ ಒಂದು ಗಿಡ ನೆಡಬೌದು. ಕಲ್ಲಿಗೆ ತೂತು ಹಾಕೋ ಉಳಿ ಕಣೆ ಕೂಸೆ."

ಮೊದಲು ಗಿಡ್ಡನೆಯ ದಪ್ಪ ಉಳಿ. ತೂತು ಆಳವಾದಂತೆ ಉದ್ದದ್ದು, ಹಿಂದಿನದಕ್ಕಿಂತ ಕೂದಲೆಳೆಯಷ್ಟು ಸಪೂರದ್ದು. ಈ ಕ್ರಮ ತಪ್ಪಿದರೆ ಉಳಿ ಕಲ್ಲಿನೊಳಗೇ ಕಚ್ಚಿಕೊಳ್ಳುತ್ತದೆ. ಒಬ್ಬರು ಸುತ್ತಿಗೆ ಬಡಿಯಬೇಕು, ಇನ್ನೊಬ್ಬರು ಪೆಟ್ಟಿಗೊಮ್ಮೆ ಉಳಿಯನ್ನು ಚೂರು ತಿರುಗಿಸಬೇಕು. ನಮ್ಮ ಯಜಮಾನರು ಬಡಿಯುತ್ತಿದ್ದರು, ತಿರುಗಿಸುವವಳು ನಾನು.

ಹೇಳುತ್ತಲೇ ನನ್ನ ಹೆಬ್ಬೆರಳು ಉಳಿಯ ಕುತ್ತಿಗೆಗೆ ಹೋಯಿತು. ಕುಲುಮೆಯಲ್ಲಿ ಅದಲುಬದಲಾಗಬಾರದೆಂದು ಕಲ್ಲು ಕೆಲಸದವರು ತಂತಮ್ಮ ಉಳಿಗೆ ಅರದಿಂದ ಗುರುತು ಹಾಕಿಕೊಳ್ಳುತ್ತಿದ್ದರು. ತುಕ್ಕಿನಡಿ ಎರಡು ಗೀರು, ಪಕ್ಕದಲ್ಲಿ ಓರೆಯಾಗಿ ಇನ್ನೊಂದು. ನಮ್ಮ ಯಜಮಾನರದೇ.

ಕಲ್ಲಿನ ದೂಳಿಗೆ ಎದೆ ಕೆಟ್ಟು ಅವರು ಮಲಗಿದಾಗ, ಮನೆಯಲ್ಲಿ ಅಕ್ಕಿ ಇಲ್ಲದೆ, ಇವನ್ನು ಇದೇ ಕುಲುಮೆಯ ಆಚಾರಿಗೆ ನಾನೇ ಮಾರಿದ್ದೆ. "ಉಳಿ ಎಲ್ಲೇ?" ಅಂತ ಅವರು ದಿನಾ ಕೇಳುತ್ತಿದ್ದರು. "ಮೊನೆ ತಟ್ಸಕ್ಕೆ ಕೊಟ್ಟಿದೀನಿ" ಅನ್ನುತ್ತಿದ್ದೆ. ಅದನ್ನೇ ನಂಬಿಕೊಂಡು ಹೋಗಿಬಿಟ್ಟರು. ಎಲ್ಲಾದರೂ ಕಬ್ಬಿಣದ ಸದ್ದಾದರೆ ಇವತ್ತಿಗೂ ಅವರ ಆ ದನಿ ನನ್ನ ಕಿವಿಯ ಹತ್ತಿರ ಬಂದು ನಿಲ್ಲುತ್ತದೆ.

ಮೊಮ್ಮಗಳು ಒಂದು ಉಳಿಯ ಮೊನೆ ಒರೆಸಿದಳು. "ಅಜ್ಜಿ, ಇವನ್ನ ಕಾಯ್ಸಿ ಮೊನೆ ತಟ್ಟಿ ಹದ ಹಾಕಿದಾರೆ. ಆಮೇಲೆ ಕಲ್ಲು ಮುಟ್ಟೇ ಇಲ್ಲ."

ಬೆರಳಿಟ್ಟು ನೋಡಿದೆ. ಐದೂ ಚೂಪು. ಕೊಂಡುಕೊಂಡವನು ಯಾಕೆ ತಟ್ಟಿಟ್ಟನೋ, ಯಾರು ಬರುತ್ತಾರೆಂದು ಕಾದನೋ! ಕೇಳೋಣವೆಂದರೆ ಆಚಾರಿಯೂ ಈಗಿಲ್ಲ.

ಸಂಜೆ ಶಾಪಿನಲ್ಲೇ ಚಾಪೆ ಹಾಸಿ ಎಲ್ಲರೂ ಕೂತೆವು. ಅಕ್ಕಿರೊಟ್ಟಿ, ಕೋಳಿಸಾರು. ನಾನು ರೊಟ್ಟಿ ಮುಟ್ಟಲಿಲ್ಲ. ಮಗನಿಗೆ ಹೇಳಿಯೇಬಿಟ್ಟೆ: "ನಿಮ್ಮಪ್ಪಂಗೆ ಸುಳ್ಳು ಹೇಳಿದ್ದೆ ಕಣೋ. ಅಕ್ಕಿ ತರಕ್ಕೆ ಉಳಿ ಮಾರ್ಕೊಂಡಿದ್ದೆ."

"ಆ ಅಕ್ಕಿ ಉಂಡೋನು ನಾನೇ ಅಲ್ವಾ ಅವ್ವಾ" ಅಂದ.

"ತಣ್ಣಗಾಗ್ತದೆ, ತಿನ್ನಿ ಅತ್ತೆ" ಎನ್ನುತ್ತಾ ಸೊಸೆ ಸಾರು ಬಡಿಸಿದಳು. ರೊಟ್ಟಿ ಮುರಿದು ಅದ್ದಿಕೊಂಡೆ. ಎಲ್ಲರೂ ಉಂಡೆವು.